ಬಟ್ಟಲಿನ ನೊರೆ, ಕೆರೆಯ ನೊರೆ

ನವೆಂಬರ್ ತಿಂಗಳು ಕಾಲಿಟ್ಟಿತೆಂದರೆ ಜೀವನ್ ಬಿಮಾ ನಗರದ ನಮ್ಮ ಅನೇಕ ಕಥೋಲಿಕ ಮನೆಗಳಲ್ಲಿ ಪಿಂಗಾಣಿ ಜಾಡಿಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ತಂದ ಕಪ್ಪು ದ್ರಾಕ್ಷಿಯನ್ನು ಹಿಸುಕಿ, ಸಕ್ಕರೆ ಬೆರೆಸಿ, ಬಟ್ಟೆ ಕಟ್ಟಿಟ್ಟು ಕ್ರಿಸ್ಮಸ್ ಹಬ್ಬಕ್ಕೆ ಕಾಯುವುದು ನಮ್ಮ ಹಿರಿಯರಿಂದ ಬಂದ ವಾಡಿಕೆ. ಇತ್ತೀಚೆಗೆ ನಮ್ಮ ಯುವಜನರು ಮನೆಯ ದ್ರಾಕ್ಷಾರಸವನ್ನು ಬದಿಗಿಟ್ಟು, ನೊರೆಯುಕ್ಕುವ ಬಾಟಲಿಯನ್ನೇ ಹಬ್ಬದ ಗೌರವವೆಂದು ಎಣಿಸುತ್ತಿದ್ದಾರೆ. ಈ ನೊರೆಯ ಕುರಿತು ಎರಡು ಮಾತು ಹೇಳಬಯಸುತ್ತೇವೆ.

ನೊರೆಯ ವೈನ್ ಸುಲಭದ ಸರಕಲ್ಲ. ಸಾಂಪ್ರದಾಯಿಕ ವಿಧಾನದಲ್ಲಿ, ಒಮ್ಮೆ ಹುದುಗಿದ ರಸಕ್ಕೆ ಮತ್ತೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿಸಬೇಕು. ಅಲ್ಲಿ ಹುಟ್ಟಿದ ಅನಿಲ ಹೊರಹೋಗಲಾರದೆ ರಸದಲ್ಲೇ ಕರಗುತ್ತದೆ. ಇದನ್ನು ಕಂಡುಹಿಡಿದವರು ಬೆನೆಡಿಕ್ಟ್ ಸಭೆಯ ಸನ್ಯಾಸಿ ದೊಂ ಪೆರಿನ್ಯೊನ್ ಎಂದು ನಮ್ಮಲ್ಲಿ ಹಲವರು ಹೆಮ್ಮೆಪಡುವುದುಂಟು. ಸತ್ಯವೇ ಬೇರೆ. 1668ರಿಂದ 1715ರವರೆಗೆ ಫ್ರಾನ್ಸಿನ ಒವಿಲೇರ್ ಮಠದಲ್ಲಿ ದುಡಿದ ಆ ಸನ್ಯಾಸಿ ಗುಳ್ಳೆಗಳನ್ನು ದೋಷವೆಂದೇ ತಿಳಿದು ನಿವಾರಿಸಲು ಯತ್ನಿಸಿದವರು. ಅವರ ನಿಜವಾದ ಕೀರ್ತಿ ಒಳ್ಳೆಯ ಹಣ್ಣನ್ನು ಆರಿಸಿ ಹದವಾಗಿ ಬೆರೆಸಿದುದರಲ್ಲಿದೆ. ಗುಳ್ಳೆಗಿಂತ ಹಣ್ಣು ಮುಖ್ಯ ಎಂಬುದೇ ಅವರ ಬಾಳಿನ ಪಾಠ.

ಆ ಹಣ್ಣು ನಮ್ಮ ಬಳಿಯೇ ಬೆಳೆಯುತ್ತಿದೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ನಂದಿ ಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಅವರು ಷಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ಮಾರ್ಗದರ್ಶನದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟು 1988ರಲ್ಲಿ ಸಂಸ್ಥೆ ಕಟ್ಟಿದರು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ತಂದಿತು. ಎತ್ತರದ ಪ್ರಸ್ಥಭೂಮಿಯ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಉಳಿಸುತ್ತವೆ. ನೊರೆಯ ವೈನಿಗೆ ಬೇಕಾದದ್ದೂ ಆ ಹುಳಿಯೇ.

ಆದರೆ ಆ ನೆಲದಲ್ಲಿ ನೀರಿಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ರೈತರು ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆಸಿದ್ದಾರೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ, ಅಂತರ್ಜಲ ಮರುಪೂರಣಕ್ಕೆಂದು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಅಲ್ಲಿನ ಜನ ಹೋರಾಡಿದ್ದಾರೆ. ಅವರ ಬೇಡಿಕೆ ನ್ಯಾಯವಾದುದೆಂದು ನಾವು ನಂಬುತ್ತೇವೆ. ಏಕೆಂದರೆ ಆ ನೀರು ನಮ್ಮದೇ. ಹಲಸೂರು, ಇಂದಿರಾನಗರ, ದೊಮ್ಮಲೂರು ಕಡೆಯ ಬಚ್ಚಲುಗಳು ಇಳಿಯುವುದು ಬೆಳ್ಳಂದೂರು ಕೆರೆಯತ್ತ. 2015ರಲ್ಲಿ ಆ ಕೆರೆ ರಸ್ತೆಗೆ ನೊರೆ ಉಕ್ಕಿಸಿತು, ಬೆಂಕಿಯನ್ನೂ ಹೊತ್ತಿಸಿಕೊಂಡಿತು. ಹಬ್ಬದ ಬಟ್ಟಲಿನ ನೊರೆಗೆ ಹಣ ತೆರುವ ನಾವು ಆ ನೊರೆಯ ಲೆಕ್ಕವನ್ನು ಯಾರಿಗೆ ಒಪ್ಪಿಸಿದ್ದೇವೆ?

ಧರ್ಮಸಭೆಯ ಕಾನೂನು ಬಲಿಪೂಜೆಯ ರಸವು ದ್ರಾಕ್ಷಿಯಿಂದಲೇ ಆಗಿರಬೇಕು, ಕೆಟ್ಟಿರಬಾರದು ಎಂದು ವಿಧಿಸುತ್ತದೆ. ಬೇರು ಹೀರುವ ನೀರಿನ ಬಗೆಗೂ ನಮಗೆ ಅಷ್ಟೇ ಕಾಳಜಿ ಇರಬೇಡವೇ? ದ್ರಾಕ್ಷಿತೋಟದ ಕೂಲಿಗಳ ಸಾಮತಿಯನ್ನು ವರ್ಷವರ್ಷವೂ ಆಲಿಸುವವರು ನಾವು. ಆದರೂ ಮಾರುಕಟ್ಟೆಯಲ್ಲಿ ಕಿಲೋಗೆ ಐದು ರೂಪಾಯಿ ಇಳಿಸಲು ಚೌಕಾಶಿಗಿಳಿಯುತ್ತೇವೆ. 2020ರ ಲಾಕ್‌ಡೌನ್ ಕಾಲದಲ್ಲಿ ಚಿಕ್ಕಬಳ್ಳಾಪುರದ ರೈತರು ಕೊಳ್ಳುವವರಿಲ್ಲದೆ ಹಣ್ಣನ್ನು ಚೆಲ್ಲಿದ್ದನ್ನು ಮರೆತಿದ್ದೇವೆ.

ಆದ್ದರಿಂದ ನಮ್ಮ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಹತ್ತು ಮನೆಯವರು ಒಂದುಗೂಡಿ ರೈತರಿಂದಲೇ ನೇರವಾಗಿ ನ್ಯಾಯಬೆಲೆಗೆ ಹಣ್ಣು ಕೊಳ್ಳೋಣ. ಬಚ್ಚಲಿಗೆ ಸುರಿಯುವ ಸೋಪಿನ ಪುಡಿಯನ್ನು ಮಿತಗೊಳಿಸೋಣ. ಶುದ್ಧೀಕರಣದ ಮೂರನೆಯ ಹಂತಕ್ಕಾಗಿ ಕೋಲಾರದವರೊಡನೆ ನಾವೂ ದನಿಗೂಡಿಸೋಣ. ಕುಡಿತದಿಂದ ನೊಂದ ಮನೆಗಳು ನಮ್ಮ ನಡುವೆಯೇ ಇರುವುದರಿಂದ, ಹಬ್ಬದ ಬಟ್ಟಲು ಚಿಕ್ಕದಾಗಿಯೇ ಇರಲಿ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸವಾದದ್ದು ಕಲ್ಲಿನ ಬಾನಿಗಳಲ್ಲಿ ತುಂಬಿದ ನೀರು. ಮೊದಲು ನೀರನ್ನು ತುಂಬಿದವರು ಸೇವಕರು ಎಂಬುದನ್ನು ನೆನೆಯೋಣ.