ನವಿಲು ಬಾತುಕೋಳಿಯಾದದ್ದು ಹೇಗೆ?

ಆದವಾನಿಯಲ್ಲಿ ಕುಳಿತು ಉಲ್ಲನ್ ಹೆಣಿಗೆಯ ಮಾತೇ ಎಂದು ನೀವು ನಗಬಹುದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಸ್ವೆಟರ್ ಬೇಕೆನಿಸುವ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಆದರೂ ಕರಕುಶಲದ ಅವಧಿಯಲ್ಲಿ ಈಚೆಗೆ ನಮಗೆ ಹೆಚ್ಚು ಪಾಠ ಕಲಿಸಿದ್ದು ಒಂದು ಉಲ್ಲನ್ ಮಫ್ಲರ್!

ಏಳನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಹಳೆಯ ಕಸೂತಿ ಸೀರೆಯ ಸೆರಗಿನಿಂದ ನವಿಲೊಂದನ್ನು ಎಣಿಸಿ ಎಣಿಸಿ ಗಣಿತದ ಚೌಕಳಿ ನೋಟ್‌ಬುಕ್ಕಿಗೆ ಇಳಿಸಿದಳು. ಒಂದು ಚೌಕಕ್ಕೆ ಒಂದು ಕುಣಿಕೆ ಎಂದು ಲೆಕ್ಕ ಹಿಡಿದು, ನೀಲಿ-ಬಿಳಿ ಎರಡು ಬಣ್ಣದಲ್ಲಿ ಹೆಣೆದು ತಂದಳು. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಸಾರ್, ನವ್ಲು ಬಾತುಕೋಳಿ ಆಗೈತಿ!" ನಿಜವೇ. ಕುತ್ತಿಗೆ ಕುಗ್ಗಿ, ಹೊಟ್ಟೆ ಉಬ್ಬಿತ್ತು.

ನಗು ಮುಗಿದ ಮೇಲೆ ಲೆಕ್ಕ ಶುರುವಾಯಿತು. ಹೆಣಿಗೆಯ ಕುಣಿಕೆ ಚೌಕವಲ್ಲ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ಸ್ಕೇಲ್ ಹಿಡಿದು ಅಳೆದೆವು. 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ, ಅಷ್ಟೇ ಎತ್ತರಕ್ಕೆ 28 ಸಾಲು. ಅಂದರೆ 5:7. ಚೌಕಳಿ ಹಾಳೆಯಲ್ಲಿ 20 ಮನೆ ಎತ್ತರವಿದ್ದ ನವಿಲು ಮಫ್ಲರಿನಲ್ಲಿ 7 ಸೆಂ.ಮೀ. ಚಿಲ್ಲರೆಗೆ ನಿಂತಿತ್ತು, ಅಗಲ ಮಾತ್ರ ಪೂರ್ತಿ ಹತ್ತು. ಅನುಪಾತದ ಪಾಠವನ್ನು ನಾವು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಮಾಡಿದ್ದೇವೆ. ಇಷ್ಟು ಸಲೀಸಾಗಿ ತಲೆಗೆ ಹೋದದ್ದು ಇದೇ ಮೊದಲು.

ಬಣ್ಣದ ಹೆಣಿಗೆಗೆ ಇನ್ನೂ ಒಂದು ಕಟ್ಟುಪಾಡಿದೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಫೇರ್ ಐಲ್ ಎಂಬ ಪುಟ್ಟ ದ್ವೀಪವಿದೆ. ಅದರ ಹೆಸರಿನಲ್ಲೇ ಪ್ರಸಿದ್ಧವಾದ ಹೆಣಿಗೆಯಲ್ಲಿ ಒಂದು ಸಾಲಿಗೆ ಎರಡೇ ಬಣ್ಣ. ಕೆಲಸವಿಲ್ಲದ ದಾರ ಹಿಂಬದಿಯಲ್ಲಿ ಹಾದುಹೋಗುತ್ತದೆ. ಒಂದೇ ಬಣ್ಣ ಹತ್ತು ಹನ್ನೆರಡು ಕುಣಿಕೆ ಮುಂದುವರಿದರೆ ಆ ದಾರ ಜೋತುಬಿದ್ದು ಬೆರಳಿಗೆ, ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬಣ್ಣ ಬೇಗ ಬೇಗ ಬದಲಾಗಬೇಕು. ಅವರ ನಕ್ಷೆಗಳಲ್ಲಿ ಸಣ್ಣ ವಜ್ರ, ಮೆಟ್ಟಿಲು, ಎಂಟು ಮೂಲೆಯ ನಕ್ಷತ್ರ ತುಂಬಿರುವುದು ಅದಕ್ಕೇ. ಆ ನಕ್ಷತ್ರದ ಚಿತ್ರ ತೋರಿಸಿದಾಗ ಅದೇ ಹುಡುಗಿ, "ಇದು ನಮ್ಮವ್ವ ಅಂಗಳದಾಗ ಹಾಕೋ ರಂಗೋಲಿ ಅಲ್ಲೇನ್ರಿ ಸಾರ್?" ಎಂದಳು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಕಸೂತಿಯನ್ನು ಹೀಗೆ ಹೆಣಿಗೆಯೊಂದಿಗೆ ಬೆರೆಸಿದರೆ ಕೆಡುವುದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಅವರ ಅಂಜಿಕೆ ಸುಳ್ಳಲ್ಲ. ಅಂಗಡಿಯ ಅಚ್ಚಿನ ಗುಲಾಬಿಯನ್ನು ಬಟ್ಟೆಯ ಮೇಲೆ ಒತ್ತಿ, ದಾರ ತುಂಬಿ, ಕಸೂತಿ ಎನ್ನುವುದು ನಮಗೂ ಸೇರದು. ಕಸೂತಿಗೆ ಅಚ್ಚೇ ಇಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ಆದರೆ ಧಾರವಾಡದ ಕಡೆಯ ಆ ಕಸೂತಿಯ ನಾಲ್ಕು ಹೊಲಿಗೆಗಳ ಹೆಸರು ನೋಡಿ: ಗಾವಂತಿ, ಮುರಗಿ, ನೇಯ್ಗೆ, ಮೆಂತಿ. ನೇಯ್ಗೆ ಎಂಬ ಹೊಲಿಗೆ ಮಗ್ಗದ ಬಟ್ಟೆಯಂತೆ ಕಾಣುತ್ತದೆ, ಹೆಸರೂ ಮಗ್ಗದ್ದೇ. ಮೆಂತಿ ಅಡುಗೆಮನೆಯದು! ಬೇರೆ ಕಸುಬಿನಿಂದ ಕಡ ತರುವುದಕ್ಕೆ ಕಸೂತಿ ಎಂದೂ ನಾಚಿದ್ದಿಲ್ಲ. ಎಣಿಸುವುದನ್ನು ಬಿಟ್ಟರೆ ಮಾತ್ರ ಕೆಡುತ್ತದೆ.

ಹೆಣಿಗೆಯ ನಕ್ಷೆ ತುಂಬಿದ ಚೌಕಗಳದು; ಅದು ಮೆಂತಿ ಹೊಲಿಗೆಗೆ ನೇರವಾಗಿ ಕೂರುತ್ತದೆ. ಗಾವಂತಿಗೆ ಗೆರೆ ಬೇಕು, ಅಲ್ಲಿಗೆ ರಂಗೋಲಿಯೇ ಸರಿ. ವೈರ್ ಬುಟ್ಟಿಯಲ್ಲಿ ಬಣ್ಣ ವೈರಿನ ದಾರಿ ಹಿಡಿದೇ ಹೋಗಬೇಕಾದ್ದರಿಂದ ಪಟ್ಟೆ, ಚೌಕಳಿ ಸುಲಭ. ನವಿಲಿನ ಆಸೆ ಬೇಡ. ಜಮಖಾನೆಗೆ ಬಂದರೆ ನಮ್ಮೂರನ್ನೇ ನೆನೆಯಬೇಕು. ಆದವಾನಿಯ ಹತ್ತಿ ಜಮಖಾನೆಗಳ ಹೆಸರು ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೇ ಇದೆ. ಪಕ್ಕದ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ನೇಕಾರರ ಮಕ್ಕಳಿಗೆ ಹಾಸು, ಹೊಕ್ಕು, ಲಾಳಿ ಎಂದರೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಈ ಮಾತುಗಳು ಪುಸ್ತಕದ ಕೊನೆಯ ಪದಕೋಶದಲ್ಲೂ ಸಿಗವು.

ನಮ್ಮ ಚಿಂತೆ ಇಲ್ಲೇ ಇದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ಇಲ್ಲಿ ಕನ್ನಡ ಉಳಿದಿರುವುದು ಮನೆಯಲ್ಲಿ, ಅಂಗಳದಲ್ಲಿ, ನಮ್ಮಂಥ ಶಾಲೆಗಳಲ್ಲಿ. ಕೈಕೆಲಸದ ಕನ್ನಡ ಪಠ್ಯಪುಸ್ತಕದಿಂದ ಬರುವುದಿಲ್ಲ, ಕೈಕೆಲಸದಿಂದಲೇ ಬರಬೇಕು. ಆದರೆ ಪರೀಕ್ಷೆ ಹತ್ತಿರವಾದರೆ ಮೊದಲು ಬಲಿಯಾಗುವುದು ಕರಕುಶಲದ ಅವಧಿ. ಗಣಿತಕ್ಕೆ ಕೊಡಿ, ಇಂಗ್ಲಿಷಿಗೆ ಕೊಡಿ ಎಂದಾಗ ನಾವೂ ಕೊಟ್ಟಿದ್ದೇವೆ, ಸುಮ್ಮನೆ ತಲೆಯಾಡಿಸಿದ್ದೇವೆ. ಈ ವರ್ಷ ಕೊಡಬಾರದೆಂದಿದ್ದೇವೆ. ಗಡಿಯ ಉಳಿದ ಕನ್ನಡ ಶಾಲೆಗಳ ಮಿತ್ರರೂ ಕೊಡಬೇಡಿ. ಕಿಟ್ ಕೊಳ್ಳುವ ಖರ್ಚು ಬೇಡ. ಒಂದು ಚೌಕಳಿ ನೋಟ್‌ಬುಕ್, ಮನೆಯಿಂದ ಎಣಿಸಿ ತಂದ ಒಂದು ಚಿತ್ರ, ಅದರ ಹೆಸರು ಅವ್ವನ ಬಾಯಲ್ಲಿ ಇದ್ದ ಹಾಗೆಯೇ ಕೆಳಗೆ ಬರೆದದ್ದು, ಇಷ್ಟು ಸಾಕು.

ಹುಡುಗಿ ಮಫ್ಲರನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಾಳೆ. ಹೊಸ ನವಿಲಿಗೆ 28 ಸಾಲು. ಕುತ್ತಿಗೆ ಮಾತ್ರ ಇನ್ನೂ ಸ್ವಲ್ಪ ದಪ್ಪ.