ಹಳೆಯ ಪ್ಲಾಟರ್: ಗುಜರಿಗೆ ಹಾಕುವ ಮುನ್ನ

ಯಂತ್ರವೊಂದು ಕೆಲಸ ನಿಲ್ಲಿಸಿದೊಡನೆ ಉದ್ದಿಮೆದಾರರಿಗೆ ದೊರೆಯುವ ಮೊದಲ ಸಲಹೆ, ‘ಹಳೆಯದಾಯಿತು, ಗುಜರಿಗೆ ಹಾಕಿ’ ಎಂಬುದು. ಪೆನ್ನಿನಿಂದ ನಕ್ಷೆ ಬರೆಯುವ ಪ್ಲಾಟರುಗಳ ವಿಷಯದಲ್ಲಂತೂ ಈ ಮಾತು ಸಾಮಾನ್ಯ. ದೋಷದ ಮೂಲವನ್ನರಿಯದೆ ನೀಡುವ ಇಂತಹ ತೀರ್ಪು ವ್ಯವಹಾರದ ದೃಷ್ಟಿಯಿಂದ ವಿವೇಕವೆನಿಸದು.

1983ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು ಹೊರತಂದ 7475ಎ ಮಾದರಿಯನ್ನೇ ಗಮನಿಸಬಹುದು. ಆರು ಪೆನ್ನುಗಳ ಈ ಯಂತ್ರವು ಎ3 ಅಳತೆಯವರೆಗಿನ ನಕ್ಷೆಯನ್ನು ಬರೆಯುತ್ತದೆ. ಪೆನ್ನು ಅಡ್ಡಲಾಗಿ ಚಲಿಸಿದರೆ, ಹಾಳೆಯು ಹಿಂದೆ ಮುಂದೆ ಸರಿಯುತ್ತದೆ. ಇದರ ದುರಸ್ತಿಯಲ್ಲಿ ಮೊದಲು ಮಾಡಬೇಕಾದುದು ಯಂತ್ರವನ್ನು ಬಿಚ್ಚುವುದಲ್ಲ, ದೋಷವನ್ನು ವಿಂಗಡಿಸುವುದು. ಕಂಪ್ಯೂಟರಿನ ಸಂಪರ್ಕ ತಪ್ಪಿಸಿ, ಯಂತ್ರದಲ್ಲಿಯೇ ಅಡಕವಾಗಿರುವ ಪರೀಕ್ಷಾ ನಕ್ಷೆಯನ್ನು ಬರೆಸಬೇಕು.

ಅದು ಸರಿಯಾಗಿ ಮೂಡಿದರೆ ಮೋಟಾರುಗಳು ಸುಸ್ಥಿತಿಯಲ್ಲಿವೆ ಎಂದರ್ಥ. ಕೇಬಲನ್ನೂ ಸಂವಹನ ವೇಗದ ಹೊಂದಾಣಿಕೆಯನ್ನೂ ಪರಿಶೀಲಿಸಬೇಕು. ಕಂಪ್ಯೂಟರಿನಿಂದ ಬಂದ ನಕ್ಷೆಯು ಸರಿಯಾಗಿ ಆರಂಭವಾಗಿ ನಡುವೆ ದಿಕ್ಕು ತಪ್ಪಿದರೆ, ಯಂತ್ರದ 1,024 ಬೈಟುಗಳ ಸ್ಮೃತಿ ತುಂಬಿದ ಮೇಲೂ ಕಂಪ್ಯೂಟರು ಆದೇಶ ಕಳುಹಿಸುತ್ತಿರುವ ಸಂಭವವೇ ಹೆಚ್ಚು. ‘ನಿಲ್ಲು’ ಎಂದು ಸೂಚಿಸುವ ಒಂದು ತಂತಿಯನ್ನು ಸರಿಪಡಿಸಿದರೆ ಸಮಸ್ಯೆ ಬಗೆಹರಿಯಬಹುದು.

ಪರೀಕ್ಷಾ ನಕ್ಷೆಯೇ ಕೆಟ್ಟರೂ ಎದೆಗುಂದಬೇಕಿಲ್ಲ. ಗೆರೆ ಮೂಡದಿದ್ದರೆ ಪೆನ್ನು ಒಣಗಿರಬಹುದು. ಗೆರೆಗಳ ತುದಿಗಳು ಒಂದನ್ನೊಂದು ಕೂಡದಿದ್ದರೆ ಹಾಳೆ ಜಾರುತ್ತಿರಬಹುದು. ಹಾಳೆಯನ್ನು ಎಳೆಯುವ ಒರಟು ಚಕ್ರಗಳಲ್ಲಿ ಕಾಗದದ ಧೂಳು ಕಟ್ಟಿರಬಹುದು ಅಥವಾ ಅದನ್ನು ಒತ್ತಿಹಿಡಿಯುವ ಗಾಲಿಗಳು ಸವೆದಿರಬಹುದು. ಧೂಳಿಗೆ ಬ್ರಷ್ಷು ಸಾಕು. ಮೂಲ ಪೆನ್ನು ದೊರೆಯದಿದ್ದಲ್ಲಿ ಸಾಮಾನ್ಯ ಪೆನ್ನಿಗೆ ಹೊಂದುವ ಹಿಡಿಕೆಯನ್ನು ಲೇತ್‌ನಲ್ಲಿ ಸಿದ್ಧಪಡಿಸಬಹುದು.

ಮುಖ್ಯ ವಿದ್ಯುನ್ಮಂಡಲವೇ ಸುಟ್ಟು, ಬದಲಿ ಸಿಗದಿದ್ದರೆ ಯಂತ್ರಕ್ಕೆ ವಿದಾಯ ಹೇಳುವುದೇ ಲೇಸು. ಆದರೆ ಈ ದುರಸ್ತಿಯ ತಿಳಿವಳಿಕೆ ಗುಜರಿಗೆ ಸೇರಬಾರದು. ಈ ಪ್ಲಾಟರಿನ ಎಚ್‌ಪಿ-ಜಿಎಲ್ ಆದೇಶ ಭಾಷೆಯನ್ನು ಸ್ಟಿಕ್ಕರ್ ಕತ್ತರಿಸುವ ಅನೇಕ ಯಂತ್ರಗಳು ಇಂದಿಗೂ ಬಳಸುತ್ತಿವೆ.

ಕೇಂದ್ರ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ‘ದುರಸ್ತಿ ಹಕ್ಕು’ ಜಾಲತಾಣವನ್ನು ಆರಂಭಿಸಿತು. ಅದಕ್ಕಾಗಿ ಆರಿಸಿಕೊಂಡ ಕ್ಷೇತ್ರಗಳು ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಹಾಗೂ ವಾಹನ. ಸಣ್ಣ ಕಾರ್ಖಾನೆಯ ಯಂತ್ರಗಳಿಗೂ ಕೈಪಿಡಿ, ಬಿಡಿಭಾಗಗಳು ಹೀಗೆಯೇ ದೊರೆಯಬೇಕೆಂದು ವಾಣಿಜ್ಯ ಸಂಸ್ಥೆಗಳು ಒತ್ತಾಯಿಸುವುದು ಅವಶ್ಯಕ. ಅದುವರೆಗೆ, ಹೊಸ ಯಂತ್ರದ ದರಪಟ್ಟಿ ತರಿಸುವ ಮೊದಲು ಹಳೆಯದರ ಪರೀಕ್ಷಾ ನಕ್ಷೆಯನ್ನೊಮ್ಮೆ ಬರೆಸಿ ನೋಡುವುದು ಉದ್ದಿಮೆದಾರರಿಗೆ ಶ್ರೇಯಸ್ಕರ.