ಮನೆಯ ಗುತ್ತಿಗೆ: ಹಣ ಯಾವಾಗ ಕೊಡಬೇಕು?

ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟ ಕುಟುಂಬಗಳು ಗುತ್ತಿಗೆದಾರರೊಡನೆ ವಾರಗಟ್ಟಲೆ ಚರ್ಚಿಸುವುದು ಒಂದೇ ವಿಷಯವನ್ನು: ಚದರಕ್ಕೆ ಎಷ್ಟು? ಚದರಕ್ಕೆ ಐದು ಸಾವಿರ ರೂಪಾಯಿ ಕಡಿಮೆ ಮಾಡಿಸಿದರೆ ಮನೆಯ ಯಜಮಾನರಿಗೆ ಯುದ್ಧ ಗೆದ್ದಷ್ಟು ಸಮಾಧಾನ. ಅದೇ ಕರಾರು ಪತ್ರದ ಕೆಳತುದಿಯಲ್ಲಿ, ಯಾವ ಹಂತಕ್ಕೆ ಎಷ್ಟು ಹಣ ಎಂದು ಬರೆದಿರುವ ಐದಾರು ಸಾಲುಗಳನ್ನು ಮಾತ್ರ ಯಾರೂ ಎರಡನೆಯ ಸಲ ಓದುವುದಿಲ್ಲ. ಮನೆ ಕಟ್ಟಿ ನೋಡು ಎಂದ ಹಿರಿಯರು ಹಣ ಯಾವಾಗ ಕೊಡಬೇಕೆಂಬುದನ್ನು ಹೇಳದೆ ಹೋದರು. ನಮ್ಮ ದೃಷ್ಟಿಯಲ್ಲಿ ದರಕ್ಕಿಂತ ಈ ಸಾಲುಗಳಿಗೇ ಹೆಚ್ಚಿನ ಮಹತ್ವವಿದೆ.

ಒಂದು ಲೆಕ್ಕವನ್ನು ನೋಡೋಣ. ಒಂದಂತಸ್ತಿನ ಮನೆ; ಸಾಮಗ್ರಿ ಸಮೇತ ಗುತ್ತಿಗೆ 30 ಲಕ್ಷ ಎಂದಿಟ್ಟುಕೊಳ್ಳೋಣ. ಗುತ್ತಿಗೆದಾರರು ಸಾಮಾನ್ಯವಾಗಿ ಮುಂದಿಡುವ ಪಟ್ಟಿ ಹೀಗಿರುತ್ತದೆ: ಕರಾರಿನ ದಿನ ನೂರಕ್ಕೆ 20, ತಳಪಾಯ ಮುಗಿದಾಗ 20, ಲಿಂಟಲ್ ಮಟ್ಟಕ್ಕೆ 20, ಸ್ಲ್ಯಾಬ್ ಹಾಕಿದಾಗ 25, ಗಿಲಾವಿಗೆ 10, ಕೀಲಿಕೈ ಕೊಡುವಾಗ 5. ನೋಡಲು ಸರಳ, ಸುಂದರ. ಆದರೆ ಕೂಡಿಸಿ ನೋಡಿ. ಸ್ಲ್ಯಾಬ್ ಹಾಕಿದ ಸಂಜೆಗೆ 25 ಲಕ್ಷ 50 ಸಾವಿರ ರೂಪಾಯಿ ನಿಮ್ಮ ಕೈಬಿಟ್ಟು ಹೋಗಿರುತ್ತದೆ. ಉಳಿದದ್ದು ನಾಲ್ಕೂವರೆ ಲಕ್ಷ. ಗಿಲಾವು, ನೆಲಹಾಸು, ಬಾಗಿಲು-ಕಿಟಕಿ, ವಿದ್ಯುತ್ತು, ನಲ್ಲಿ, ಬಣ್ಣ ಇವೆಲ್ಲ ಇನ್ನೂ ಬಾಕಿ. ಮನೆ ಕಟ್ಟಿಸಿದ ಯಾರನ್ನು ಕೇಳಿದರೂ, ಈ ಒಳಕೆಲಸಗಳಿಗೇ ಹೆಚ್ಚುಕಡಿಮೆ ಅರ್ಧದಷ್ಟು ಹಣ ತಗುಲುತ್ತದೆಂದು ಹೇಳಿಯಾರು. ಹದಿನಾಲ್ಕು ಹದಿನೈದು ಲಕ್ಷದ ಕೆಲಸವನ್ನು ನಾಲ್ಕೂವರೆ ಲಕ್ಷಕ್ಕಾಗಿ ಮಾಡಿಕೊಡಬೇಕಾದ ಗುತ್ತಿಗೆದಾರನಿಗೆ ನಿಮ್ಮ ಮನೆಯನ್ನು ಮುಗಿಸುವುದೇ ನಷ್ಟದ ವ್ಯವಹಾರವಾಗಿ ತೋರಿದರೆ ಅಚ್ಚರಿಯೇನು?

ದಾವಣಗೆರೆ ಸೀಮೆಯ ಒಂದು ಕುಟುಂಬವನ್ನು ನಾವು ಬಲ್ಲೆವು. ಯಜಮಾನರು ನಿವೃತ್ತ ಶಿಕ್ಷಕರು. ನಿವೃತ್ತಿಯ ಗಂಟು, ಮಗಳ ಮದುವೆಗೆಂದು ಇರಿಸಿದ್ದ ಠೇವಣಿ ಎರಡನ್ನೂ ಕೂಡಿಸಿ ಮನೆಗೆ ಕೈಹಾಕಿದ್ದರು. ಸ್ಲ್ಯಾಬಿನ ದಿನ ಕೆಲಸಗಾರರಿಗೆ ಹೋಳಿಗೆ ಊಟ ಹಾಕಿ, ದೊಡ್ಡ ಕಂತನ್ನೂ ಸಂತೋಷದಿಂದ ಕೊಟ್ಟರು. ಅಲ್ಲಿಂದ ಗೌಂಡಿಗಳು ವಾರಕ್ಕೆರಡು ದಿನ ಬಂದರು. ಆಮೇಲೆ ಬರಲೇ ಇಲ್ಲ. ಆ ಗುತ್ತಿಗೆದಾರರನ್ನು ಮೋಸಗಾರರೆಂದು ಕರೆಯಲು ನಮಗೆ ಮನಸ್ಸಾಗದು. ಈ ಮನೆಯ ಹಣದಲ್ಲಿ ಅವರು ಹಿಂದಿನ ಮನೆಯ ಗಿಲಾವು ಮುಗಿಸಿದ್ದರು. ಈ ಮನೆಯ ಗಿಲಾವಿಗೆ ಮುಂದಿನ ಮನೆಯ ಮುಂಗಡ ಬರಬೇಕಾಗಿತ್ತು. ಅದು ಬರಲಿಲ್ಲ. ಗಿಲಾವಿಲ್ಲದ ಗೋಡೆಗಳ ನಡುವೆ ಆ ಸಂಸಾರ ಎರಡು ಮಳೆಗಾಲ ಕಳೆಯಿತು. ಮಗಳ ಮದುವೆ ಒಂದು ವರ್ಷ ಮುಂದೆ ಹೋಯಿತು.

ಹಾಗಾದರೆ ನ್ಯಾಯವಾದ ಪಟ್ಟಿ ಯಾವುದು? ಅದೇ 30 ಲಕ್ಷಕ್ಕೆ ನಾವು ಸೂಚಿಸುವುದಿಷ್ಟು: ಮುಂಗಡ ನೂರಕ್ಕೆ 8, ತಳಪಾಯಕ್ಕೆ 12, ಲಿಂಟಲಿಗೆ 12, ಸ್ಲ್ಯಾಬಿಗೆ 20. ಇಲ್ಲಿಗೆ 52 ಆಯಿತು, ಎಂದರೆ 15 ಲಕ್ಷ 60 ಸಾವಿರ. ಮುಂದೆ ಗಿಲಾವು ಮತ್ತು ಗೋಡೆಯೊಳಗಿನ ಕೊಳವೆಗಳಿಗೆ 15, ನೆಲ ಹಾಗೂ ಬಾಗಿಲು-ಕಿಟಕಿಗೆ 15, ವಿದ್ಯುತ್ತು, ನಲ್ಲಿ ಮತ್ತು ಬಣ್ಣಕ್ಕೆ 10, ಕೀಲಿಕೈಗೆ 3, ಒಂದು ಮಳೆಗಾಲ ಕಳೆದ ಮೇಲೆ ಕೊನೆಯ 5. ಕಂತುಗಳ ಸಂಖ್ಯೆ ಹೆಚ್ಚಿತು, ಒಂದೊಂದರ ಗಾತ್ರ ಇಳಿಯಿತು. ಅಂಕಿಗಳು ಮನೆಯಿಂದ ಮನೆಗೆ ಬದಲಾಗಬಹುದು. ಸಾಗುವಾನಿ ಬಾಗಿಲು ಬಯಸಿದವರಿಗೆ ಒಂದು ಲೆಕ್ಕ, ಎರಡಂತಸ್ತಿನವರಿಗೆ ಮತ್ತೊಂದು. ಆದರೆ ಯಾವ ದಿನ ಕೆಲಸ ನಿಂತರೂ, ಉಳಿದ ಹಣದಲ್ಲಿ ಉಳಿದ ಕೆಲಸವನ್ನು ಬೇರೊಬ್ಬರಿಂದ ಮುಗಿಸಿಕೊಳ್ಳುವಂತಿರಬೇಕು. ಪಟ್ಟಿಯ ಪ್ರತಿ ಸಾಲನ್ನೂ ಈ ಪ್ರಶ್ನೆಯಿಂದಲೇ ಪರೀಕ್ಷಿಸಿರಿ.

ಸ್ಲ್ಯಾಬಿನ ಕಂತನ್ನು ಎರಡಾಗಿ ಒಡೆಯುವುದು ಲೇಸು: ಕಾಂಕ್ರೀಟು ಹಾಕಿದಾಗ ಅರ್ಧ, ಸೆಂಟ್ರಿಂಗ್ ಬಿಚ್ಚಿ ಎಂಜಿನಿಯರು ನೋಡಿದ ಮೇಲೆ ಅರ್ಧ. ಭಾರತೀಯ ಮಾನಕ ಸಂಸ್ಥೆಯ 456ನೆಯ ಸಂಹಿತೆಯ 2000ದ ಆವೃತ್ತಿಯ ಪ್ರಕಾರ, 4.5 ಮೀಟರುವರೆಗಿನ ಅಂತರದ ಸ್ಲ್ಯಾಬಿನ ಆಸರೆಗಳನ್ನು ಕನಿಷ್ಠ 7 ದಿನ, ಅದಕ್ಕೂ ಅಗಲವಿದ್ದರೆ 14 ದಿನ ತೆಗೆಯಬಾರದು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಮಿಶ್ರ ಸಿಮೆಂಟಿಗೆ ಇನ್ನೂ ಕೆಲವು ದಿನ ಬೇಕು. ಮುಂದಿನ ಮನೆಗೆ ಹಲಗೆ ಸಾಗಿಸುವ ಅವಸರದಲ್ಲಿ ಐದನೆಯ ದಿನವೇ ಬಿಚ್ಚುವವರಿದ್ದಾರೆ. ಅರ್ಧ ಕಂತು ನಿಮ್ಮಲ್ಲಿದ್ದರೆ ಆ ಅವಸರ ತಾನಾಗಿಯೇ ತಗ್ಗುತ್ತದೆ.

ಗುತ್ತಿಗೆದಾರರ ಪಕ್ಷವನ್ನೂ ಕೇಳಬೇಕಷ್ಟೆ. ಅವರು ಶನಿವಾರ ಬಂದೊಡನೆ ಗೌಂಡಿ, ಬಡಿಗ, ಕೂಲಿಯವರಿಗೆ ಬಟವಾಡೆ ಮಾಡಲೇಬೇಕು. ಕಬ್ಬಿಣದ ಅಂಗಡಿಯವರು ಬಹುಕಾಲ ಉದ್ದರಿ ಕೊಡುವುದಿಲ್ಲ. ಹಂತ ಮುಗಿದರೂ "ಬ್ಯಾಂಕಿನಿಂದ ಬಂದಿಲ್ಲ" ಎಂದು ತಿಂಗಳು ತಳ್ಳುವ ಮಾಲೀಕರೂ ನಮ್ಮ ನಡುವೆ ಇದ್ದಾರೆ. ಅವರ ವಿಳಂಬಕ್ಕೆ ಬಡ್ಡಿ ತೆರುವವನು ಗುತ್ತಿಗೆದಾರ. ಉಪವಾಸ ಬೀಳುವವನು ಕೂಲಿಕಾರ. ಕಾಯಕಕ್ಕೆ ತಕ್ಕ ಕೂಲಿ ಹೊತ್ತಿಗೆ ಸರಿಯಾಗಿ ಸಲ್ಲಬೇಕೆಂಬುದನ್ನು ನಮ್ಮ ಮನೆತನಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದುದರಿಂದ, ಹಂತ ಮುಗಿದು ಎಂಜಿನಿಯರು ಸಹಿ ಮಾಡಿದ ಏಳು ದಿನಗಳೊಳಗೆ ಹಣ ಸಲ್ಲಿಸುವುದಾಗಿ ನೀವೂ ಬರೆದುಕೊಡಿರಿ.

ಮಾತುಕತೆಗೆ ಕುಳಿತಾಗ ಒಟ್ಟು ಮೊತ್ತದಲ್ಲಿ ಚೌಕಾಸಿ ಮಾಡಬೇಡಿರಿ. ದರ ಇಳಿಸಿ ಕಂತನ್ನೂ ಹಿಂದೆ ಸರಿಸಿದರೆ ಅವರಿಗೆ ಎರಡೂ ಕಡೆಯಿಂದ ಪೆಟ್ಟು. "ನಿಮ್ಮ ದರ ನಮಗೆ ಒಪ್ಪಿಗೆ, ಕಂತುಗಳನ್ನು ಮಾತ್ರ ಕೆಲಸದ ಜೊತೆ ನಡೆಸೋಣ" ಎಂದರೆ ಒಳ್ಳೆಯ ಗುತ್ತಿಗೆದಾರರು ಬಹುಮಟ್ಟಿಗೆ ಒಪ್ಪುತ್ತಾರೆ. ದೊಡ್ಡ ಮುಂಗಡವಿಲ್ಲದೆ ಸಿಮೆಂಟು, ಕಬ್ಬಿಣ ತರಲಾಗದೆಂದರೆ, ಅಂಗಡಿಗೆ ನೀವೇ ನೇರವಾಗಿ ಹಣ ಕಟ್ಟಿ, ರಸೀದಿಯನ್ನು ನಿಮ್ಮ ಹೆಸರಿನಲ್ಲಿ ಪಡೆದು, ಆ ಮೊತ್ತವನ್ನು ಕಂತಿನಲ್ಲಿ ಕಳೆಯಿರಿ. ಇದಕ್ಕೂ ಒಪ್ಪದವರಿಗೆ ಮುಂಗಡ ಬೇಕಾಗಿರುವುದು ನಿಮ್ಮ ಮನೆಗಲ್ಲವೆಂದು ತಿಳಿಯಬಹುದು.

ಸಾಲ ಪಡೆಯುವವರು ಕರಾರಿಗೆ ಮೊದಲೇ ಬ್ಯಾಂಕಿನ ಬಿಡುಗಡೆಯ ಹಂತಗಳನ್ನು ಬರೆಸಿಕೊಳ್ಳಬೇಕು. ಬ್ಯಾಂಕುಗಳು ಕಟ್ಟಡ ಏರಿದಂತೆ ಹಣ ಬಿಡುತ್ತವೆ, ಅದೂ ಸಾಮಾನ್ಯವಾಗಿ ನಿಮ್ಮ ಪಾಲು ಮೊದಲು ಖರ್ಚಾದ ಮೇಲೆ. ಎರಡು ಪಟ್ಟಿಗಳೂ ಹೊಂದದಿದ್ದರೆ ನಡುವಿನ ಕೊರತೆಗೆ ಕೈಸಾಲವೇ ಗತಿ.

ಕಾನೂನಿನ ಮಾತು ಎರಡು. ಬಿಲ್ಡರುಗಳಿಂದ ಫ್ಲ್ಯಾಟ್ ಕೊಳ್ಳುವವರಿಗೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ ರಕ್ಷಣೆ ಇದೆ. ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟವರಿಗೆ ಅದು ಅನ್ವಯಿಸದು. ಆದರೆ ಗೃಹ ನಿರ್ಮಾಣವೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯೇ ಆಗಿದ್ದು, ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಅಲ್ಲಿ ಕೇಳುವುದು ಬರಹವನ್ನು. ಛಾಪಾ ಕಾಗದದ ಕರಾರು, ಬ್ಯಾಂಕಿನ ಮೂಲಕ ಮಾಡಿದ ಪಾವತಿ ಎರಡೂ ಇರಲಿ. ಹೇಗೂ 2017ರಿಂದ ಎರಡು ಲಕ್ಷ ಅಥವಾ ಅದಕ್ಕೂ ಮೀರಿದ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ನಿಷೇಧವಿದೆ.

ಇನ್ನು ಗೃಹಪ್ರವೇಶ. ಕೆಲಸ ಮುಗಿಯುವ ಮೊದಲೇ ಮುಹೂರ್ತ ತೆಗೆಸಿ, ಸ್ವಾಮಿಗಳವರ ದಿನಾಂಕ ಪಡೆದು, ಆಮಂತ್ರಣ ಹಂಚಿಬಿಡುವುದು ನಮ್ಮಲ್ಲಿ ರೂಢಿ. ಹದಿನೈದು ದಿನ ಉಳಿದಿರುವಾಗ ಗುತ್ತಿಗೆದಾರರು "ಬಾಕಿ ಪೂರ್ತಿ ಕೊಟ್ಟರೆ ಬಣ್ಣ ಮುಗಿಸುತ್ತೇವೆ" ಎನ್ನುತ್ತಾರೆ; ನೆಂಟರಿಷ್ಟರ ಮುಂದೆ ಮಾನ ಹೋದೀತೆಂದು ಯಜಮಾನರು ಕೊಟ್ಟುಬಿಡುತ್ತಾರೆ. ನಲ್ಲಿಗಳಲ್ಲಿ ನೀರು ಬಂದು, ದೀಪಗಳೆಲ್ಲ ಹತ್ತಿದ ಮೇಲೆ ದಿನ ಗೊತ್ತುಮಾಡಿದರಾಯಿತು. ಮಳೆಗಾಲದ ಆ ಕೊನೆಯ 5ನ್ನು ಮಾತ್ರ ಯಾವ ಒತ್ತಾಯಕ್ಕೂ ಮುಂಚಿತವಾಗಿ ಕೊಡಬೇಡಿರಿ. ಅಷ್ಟರಲ್ಲಿ ತಾರಸಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ ನೋಡಿರಿ. ಸೋರಿದ್ದನ್ನು, ಬಿರುಕು ಬಿಟ್ಟದ್ದನ್ನು ಬರೆದಿಟ್ಟು ಸರಿಪಡಿಸಿಕೊಳ್ಳಿರಿ. ಮಳೆ ಹಿಂತೆಗೆದ ಮೇಲೆ, ದೀಪಾವಳಿಯ ಹೊತ್ತಿಗೆ, ಅವರನ್ನು ಮನೆಗೆ ಊಟಕ್ಕೆ ಕರೆದು ಆ ಹಣವನ್ನು ಒಪ್ಪಿಸಬಹುದು.